ಗಾಜಿನ ತೊಟ್ಟಿಯ ಬಾಡಿಗೆದಾರ

ಫೆಬ್ರವರಿ ೧೧

ತಮ್ಮನಿಗೆ,

ಅಕ್ಷರ ನೋಡಿಯೇ ಗುರುತು ಹಿಡಿದಿರುತ್ತೀಯ. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಈಗ ಯಾಕೆ ಬರೆಯುತ್ತಿದ್ದಾಳೆ ಎಂದು ನೀನು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ. ಕೆಲಸವಿದೆ, ಅದಕ್ಕೆ. ಮೀನಿನ ಕೆಲಸ. ಸತ್ತ ಮೀನುಗಳನ್ನು ಬಾಟಲಿಯಲ್ಲಿ ಕಾಯುವುದಕ್ಕೆ ಸಂಬಳ ತೆಗೆದುಕೊಳ್ಳುವವನು ನಮ್ಮ ವಂಶದಲ್ಲಿ ನೀನೊಬ್ಬನೇ. ಬೇರೆ ಯಾರನ್ನು ಕೇಳಲಿ?

ದೊರೆಯ ಕೋಣೆಯಲ್ಲಿ ಮೀನಿನ ತೊಟ್ಟಿ ಈಗಲೂ ಇದೆ. ಮಗನಿಲ್ಲದ ಮನೆಯಲ್ಲಿ ಇದನ್ನಿಟ್ಟುಕೊಂಡು ಏನು ಮಾಡುತ್ತೀರಿ ಎಂದು ಬಂದವರೆಲ್ಲ ಕೇಳಿದರು. ಆಗಸ್ಟಿನಲ್ಲಿ ನಾವು ಆಸ್ಪತ್ರೆಯಲ್ಲೇ ಇದ್ದಾಗ ನೀರು ಕೆಟ್ಟಿತ್ತು. ಆಮೇಲೆ ಅದರ ಕಡೆ ನೋಡುವ ತ್ರಾಣ ನನಗೂ ಇರಲಿಲ್ಲ. ಮೀನುಗಳು ಒಂದೊಂದಾಗಿ ತೇಲಿದವು, ಉಳಿದದ್ದು ಒಂದೇ. ಅದು ದೊರೆ ಕೊಂಡುಕೊಂಡದ್ದಲ್ಲ, ಅಂಗಡಿಯವನು ಬೇರೆ ಮೀನುಗಳ ಚೀಲದಲ್ಲಿ ಗೊತ್ತಿಲ್ಲದೆ ಕಟ್ಟಿಕೊಟ್ಟದ್ದು. ಬಂದ ದಿನವೇ ಮಣ್ಣಿನ ಕುಂಡದೊಳಗೆ ಹೊಕ್ಕು ಹಳಬರನ್ನೆಲ್ಲ ಹೊರಗಟ್ಟಿತು. "ಮುಂಗಡ ಕೊಡದೆ ಮನೆ ಹಿಡ್ಕೊಂಡಿದಾನೆ ನೋಡಮ್ಮ," ಎಂದು ನಕ್ಕು ದೊರೆ ಅದನ್ನು ಬಾಡಿಗೆದಾರ ಎಂದು ಕರೆದ. ಅದು ಯಾವ ಜಾತಿಯ ಮೀನು ಎಂದು ಅವನಿಗೂ ಗೊತ್ತಿರಲಿಲ್ಲ. ಮಾವನಿಗೆ ತೋರಿಸಬೇಕು ಎನ್ನುತ್ತಿದ್ದ.

ಸಂಜೆ ಅವನು ಕೆಲಸದಿಂದ ಬರುತ್ತಿದ್ದ ಹೊತ್ತಿಗೆ ಅದು ಗಾಜಿನ ಹತ್ತಿರ ಬಂದು ಮೈ ನಡುಗಿಸುತ್ತಾ ನಿಲ್ಲುತ್ತದೆ. ನೋಡುವುದು ನನ್ನನ್ನಲ್ಲ, ನನ್ನ ಹೆಗಲಾಚೆಯ ಬಾಗಿಲನ್ನು. ಕೆಲವೊಮ್ಮೆ ತಳದ ಕಲ್ಲನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ಗಾಜಿಗೆ ಬಿಡುತ್ತದೆ. ನಾನು ಅಡುಗೆಮನೆಯಲ್ಲಿದ್ದರೆ ಅವನು ಬೀಗದಕೈ ಮೇಜಿನ ಮೇಲೆ ಎಸೆದ ಹಾಗೆಯೇ ಕೇಳಿಸುತ್ತದೆ. "ಬಂದ್ಯೇನೋ?" ಎಂದು ಎಷ್ಟು ಸಲ ಕೂಗಿದ್ದೇನೋ. ನಿನ್ನ ಭಾವ ಕಿವಿ ಕೇಳಿಸದವರ ಹಾಗೆ ಪೇಪರು ಓದುತ್ತಿರುತ್ತಾರೆ.

ಈಗೀಗ ಅದು ಸರಿಯಾಗಿ ತಿನ್ನುತ್ತಿಲ್ಲ. ಅದು ಯಾವ ಮೀನು, ಅದಕ್ಕೆ ಎಂಥ ನೀರು, ಎಂಥ ಆಹಾರ ಬೇಕು ಎಂದು ನನಗೆ ಗೊತ್ತಾಗಬೇಕು. ಬದುಕಿರುವಾಗಲೇ ಗೊತ್ತಾಗಬೇಕು.

ಫೋನ್ ಮಾಡಬೇಡ. ಹೊರಟು ಬರಲೂ ಬೇಡ. ಬರೆ, ಸಾಕು.

ಅಕ್ಕ


ಫೆಬ್ರವರಿ ೨೪

ಅಕ್ಕನಿಗೆ,

ನಿನ್ನ ಕಾಗದವನ್ನು ಮೇಜಿನ ಮೇಲಿಟ್ಟುಕೊಂಡು ಎಷ್ಟೋ ಹೊತ್ತು ಒಡೆಯಲಿಲ್ಲ. ದೊರೆ ತೀರಿಕೊಂಡ ದಿನ ನಾನು ನಿಮ್ಮ ಬಾಗಿಲಲ್ಲಿ ನಿಂತಾಗ ನೀನು ನನ್ನನ್ನು ನೋಡಿ, ಮುಖ ತಿರುಗಿಸಿ ಒಳಗೆ ಹೋದೆ. ಅಂದಿನಿಂದ ನಿನ್ನಿಂದ ಒಂದು ಮಾತಿಲ್ಲ. ಯಾಕೆ ಎಂದು ಕೇಳುವುದಿಲ್ಲ. ಮೀನಿನ ಕೆಲಸ ಎಂದಿದ್ದೀಯ, ಮೀನಿನ ಮಾತೇ ಆಡೋಣ.

ಮೊದಲು ಮುಖ ನೋಡು. ಹೆಚ್ಚಿನ ಮೀನುಗಳಿಗೆ ಮೂಗಿನ ತೂತು ಪಕ್ಕಕ್ಕೆ ಎರಡೆರಡು ಇರುತ್ತವೆ. ಒಂದೊಂದೇ ಇದ್ದರೆ ನಿನ್ನ ಬಾಡಿಗೆದಾರ ಸಿಕ್ಲಿಡ್ ಎಂಬ ಕುಟುಂಬದವನು. ಮೈಯ ಪಕ್ಕದಲ್ಲಿ ತಲೆಯಿಂದ ಬಾಲಕ್ಕೆ ಒಂದು ಸಣ್ಣ ಗೆರೆ ಹೋಗುತ್ತದೆ. ಸಿಕ್ಲಿಡ್ ಆದರೆ ಅದು ನಡುವೆ ತುಂಡಾಗಿ, ಸ್ವಲ್ಪ ಕೆಳಗಿನಿಂದ ಮತ್ತೆ ಶುರುವಾಗಿರುತ್ತದೆ. ಕಲ್ಲು ಹೊತ್ತು ಮನೆ ಕಟ್ಟುವುದು, ಬೇರೆಯವರನ್ನು ಒದ್ದೋಡಿಸುವುದು, ಇವೆಲ್ಲ ಆ ಕುಟುಂಬದ ಬುದ್ಧಿಯೇ. ಸಾಕಿದವರ ಮುಖವನ್ನೂ ಗುರುತಿಟ್ಟುಕೊಳ್ಳುತ್ತವೆ. ಅಲ್ಲಿಂದ ಮುಂದೆ ಕಷ್ಟ. ಒಂದೇ ಸರೋವರದಲ್ಲಿ ನೂರಾರು ಬಗೆ ಇರುತ್ತವೆ, ಎಲ್ಲ ದಾಯಾದಿಗಳ ಹಾಗೆ ಒಬ್ಬರನ್ನೊಬ್ಬರು ಹೋಲುತ್ತವೆ, ಹೆಸರಿಡದೆ ಬಿಟ್ಟವೂ ಬೇಕಾದಷ್ಟಿವೆ.

ಪಕ್ಕದಿಂದ ಒಂದು ಒಳ್ಳೆಯ ಫೋಟೋ ಬೇಕು. ಊರಿನವರ ಪಾಸ್‌ಪೋರ್ಟ್ ಮುಖಗಳನ್ನೆಲ್ಲ ತೆಗೆದವಳು ನೀನು, ನಿನಗೆ ನಾನು ಹೇಳಿಕೊಡಬೇಕೇ? ಒಂದು ದಿನಕ್ಕೆ ನಾನೇ ಬಂದು ನೋಡಿದರೆ ಬೇಗ ಮುಗಿಯುತ್ತಿತ್ತು. ನೀನು ಬೇಡ ಎಂದಿದ್ದೀಯ. ಆದರೂ ಕೇಳುತ್ತಿದ್ದೇನೆ.

ಭಾವನಿಗೆ ನನ್ನ ನೆನಪು ಹೇಳು.

ನಿನ್ನ ತಮ್ಮ


ಮಾರ್ಚ್ ೯

ತಮ್ಮನಿಗೆ,

ಫೋಟೋ ಕಳಿಸಿದ್ದೇನೆ. ಇಷ್ಟು ಕಾಟ ಕೊಟ್ಟ ಗಿರಾಕಿ ನನ್ನ ಸ್ಟುಡಿಯೋದಲ್ಲಿ ಹುಟ್ಟಿಲ್ಲ. ಗಲ್ಲ ಸ್ವಲ್ಪ ಮೇಲೆ, ಭುಜ ಇಳಿಸಿ, ಉಸಿರು ಬಿಗಿಹಿಡಿಯಬೇಡಿ ಎಂದು ಹೇಳಿ ಅಭ್ಯಾಸವಾದ ಬಾಯಿ ಇದು, ಮೀನಿಗೂ ಹೇಳಿದೆ. ದೀಪ ಹಚ್ಚಿದ ಕೂಡಲೇ ಸಾಹೇಬರು ಕುಂಡದೊಳಗೆ. ನಿನ್ನ ಭಾವ ಲಿಫ್ಟ್ ರಿಪೇರಿಯ ಚೀಲದಿಂದ ಗಾಜು ಕೊರೆಯುವ ಸಾಮಾನು ತೆಗೆದು, ಹೊರಗಿನ ಕೋಣೆಯಲ್ಲೇ ಕೂತು ಒಂದು ಗಾಜಿನ ತುಂಡು ಅಳತೆಗೆ ಕತ್ತರಿಸಿಕೊಟ್ಟರು. ದೊರೆಯ ಕೋಣೆಯೊಳಗೆ ಮಾತ್ರ ಅವರು ಕಾಲಿಡುವುದಿಲ್ಲ. ಆ ಗಾಜನ್ನು ತೊಟ್ಟಿಯೊಳಗೆ ಇಳಿಸಿ ಮೀನನ್ನು ಮುಂದಿನ ಗಾಜಿನ ಹತ್ತಿರಕ್ಕೆ ಒತ್ತರಿಸಿದೆ. ಆಗ ಮರ್ಯಾದೆಯಿಂದ ನಿಂತಿತು.

ಮೂಗಿನ ತೂತು ಒಂದೊಂದೇ. ಗೆರೆಯೂ ನೀನು ಹೇಳಿದ ಹಾಗೆ ತುಂಡಾಗಿದೆ. ಮೈ ಬೂದಿ ಬಣ್ಣ, ತುಟಿಯ ಮೇಲೆ ನೀಲಿ ಗೀಟು, ಹೊಟ್ಟೆಯ ಹಿಂದಿನ ರೆಕ್ಕೆಯಲ್ಲಿ ಮೊಟ್ಟೆಯಂಥ ಹಳದಿ ಬೊಟ್ಟುಗಳು. ಅಂತೂ ನಿನ್ನ ಕುಟುಂಬದವನೇ.

ತಿನ್ನುವುದು ಸ್ವಲ್ಪ ಸುಧಾರಿಸಿದೆ. ಅಂಗಡಿಯಲ್ಲಿ ಹೆಪ್ಪುಗಟ್ಟಿಸಿದ ಕೆಂಪು ಹುಳು ಸಿಗುತ್ತದೆ. ಅದನ್ನು ಹಾಕಿದರೆ ಬಾಗಿಲನ್ನು ಬಿಟ್ಟು ನನ್ನ ಕಡೆ ತಿರುಗುತ್ತದೆ. ಅದು ತಿರುಗಿದಾಗ ನನಗೆ ಎಷ್ಟು ಸಂತೋಷವಾಗುತ್ತದೆ ಎಂದು ಹೇಳಿದರೆ ನೀನು ನಗುತ್ತೀಯ.

ಬರುವುದು ಬೇಡ. ಮತ್ತೆ ಕೇಳಬೇಡ.

ಅಕ್ಕ


ಮಾರ್ಚ್ ೨೨

ಅಕ್ಕನಿಗೆ,

ಫೋಟೋ ಬಹಳ ಚೆನ್ನಾಗಿದೆ. ಮುಳ್ಳುಗಳನ್ನು, ಹುರುಪೆಗಳನ್ನು ಎಣಿಸಲು ಬರುತ್ತದೆ. ನಮ್ಮ ಸಂಗ್ರಹಾಲಯದ ಕಪಾಟುಗಳಲ್ಲಿರುವ ಬಾಟಲಿಗಳನ್ನೆಲ್ಲ ಇಳಿಸಿ ಪಕ್ಕದಲ್ಲಿಟ್ಟು ನೋಡಿದೆ. ಪುಸ್ತಕಗಳನ್ನೂ ನೋಡಿದೆ. ತಲೆ ಒಬ್ಬನಂತಿದ್ದರೆ ಬಾಲ ಇನ್ನೊಬ್ಬನಂತಿದೆ, ಯಾವುದಕ್ಕೂ ಪೂರ್ತಿ ಹೊಂದುವುದಿಲ್ಲ. ನಮ್ಮ ವಿಭಾಗದ ಮೇಡಂ ಸುಲಭಕ್ಕೆ ತಲೆಯೆತ್ತುವವರಲ್ಲ. ಅವರೇ ಕನ್ನಡಕ ಬದಲಿಸಿ ಎರಡು ಸಲ ನೋಡಿ, "ಇದಕ್ಕೆ ಇನ್ನೂ ಯಾರೂ ಹೆಸರಿಟ್ಟಿಲ್ಲ ಅನ್ಸುತ್ತೆ ಕಣಯ್ಯಾ," ಎಂದರು. ಹಾಗೇನಾದರೂ ಆದರೆ, ಅಕ್ಕ, ಹೆಸರಿಡುವವರು ನಾವೇ. ದೊರೆಯ ಹೆಸರಿಡಬಹುದು. ಪುಸ್ತಕಗಳಲ್ಲಿ ಅವನ ಹೆಸರು ಉಳಿಯುತ್ತದೆ.

ಇನ್ನೊಂದು ವಿಷಯ. ಬರೆಯಬೇಕೋ ಬಾರದೋ ಎಂದು ಎರಡು ದಿನ ಯೋಚಿಸಿದೆ. ನೀನು ಕಳಿಸಿದ್ದರಲ್ಲಿ ಒಂದು ಫೋಟೋದ ಗಾಜಿನಲ್ಲಿ ಕೋಣೆಯ ಪ್ರತಿಬಿಂಬ ಬಿದ್ದಿದೆ. ಕ್ಯಾಮೆರಾ ಹಿಡಿದು ಬಾಗಿದ ನೀನು ಕಾಣುತ್ತೀಯ. ನಿನ್ನ ಹಿಂದೆ ಬಾಗಿಲ ಹತ್ತಿರ ಯಾರೋ ನಿಂತಿದ್ದಾರೆ. ಹೆಗಲು ಕಾಣುತ್ತದೆ, ಮುಖವಿಲ್ಲ. ಭೂತಗನ್ನಡಿ ಇಟ್ಟು ನೋಡಿದೆ. ಸತ್ತ ಮೀನುಗಳ ನಡುವೆ ಇಷ್ಟು ವರ್ಷ ಒಬ್ಬನೇ ಕೂತು ಕೆಲಸ ಮಾಡಿದ್ದೇನೆ, ಯಾವತ್ತೂ ಹೆದರಿದವನಲ್ಲ. ಅಂದು ಕೋಣೆಯ ದೀಪಗಳನ್ನೆಲ್ಲ ಹಾಕಿಕೊಂಡೆ. ಯಾರು ಅದು?

ನಿನ್ನ ತಮ್ಮ


ಏಪ್ರಿಲ್ ೨

ತಮ್ಮನಿಗೆ,

ನೀನು ಬರೆದದ್ದು ಓದಿ ಕಾಗದ ಅಲ್ಲೇ ಬಿಟ್ಟೆ. ಎದ್ದು ಹೋಗಿ ಕೋಣೆ ನೋಡಿದೆ. ಅದು ಅಂಗಿ. ಬಾಗಿಲ ಹಿಂದಿನ ಮೊಳೆಯಲ್ಲಿ ದೊರೆಯ ನೀಲಿ ಚೌಕಳಿ ಅಂಗಿ ಆಗಸ್ಟಿನಿಂದ ಹಾಗೇ ತೂಗುತ್ತಿದೆ, ಫ್ಯಾನ್ ಹಾಕಿದರೆ ತೋಳು ಅಲ್ಲಾಡುತ್ತದೆ. ಮೀನು ನೋಡುತ್ತಿದ್ದದ್ದೂ ಅದನ್ನೇ ಇರಬೇಕು. ಸತ್ಯ ಹೇಳಬೇಕೆಂದರೆ, ಅಂಗಿ ಎಂದು ಗೊತ್ತಾದಾಗ ಸಮಾಧಾನವಾಗಲಿಲ್ಲ. ಕೋಣೆಯವರೆಗೆ ನಡೆದು ಹೋದ ಆ ಒಂದು ಗಳಿಗೆ ನಾನು ನಂಬಿದ್ದೆ. ನಂಬಿಕೊಂಡೇ ಇರಬೇಕಿತ್ತು ಅನ್ನಿಸಿತು.

ಅದು ಹಾಗಿರಲಿ. ಅವನ ಹೆಸರು! ಪುಸ್ತಕದಲ್ಲಿ! ಆ ಸಾಲನ್ನು ಸ್ಟುಡಿಯೋಕ್ಕೆ ಬಂದವರಿಗೆಲ್ಲ ಓದಿ ಹೇಳಿದ್ದೇನೆ. ಎದುರು ಅಂಗಡಿಯ ದರ್ಜಿ, "ಮೀನಿಗೆ ಹೆಸರಿಟ್ರೆ ಏನು ಬಂತು?" ಎಂದ. ಅವನ ಜೊತೆ ಮಾತು ಬಿಟ್ಟಿದ್ದೇನೆ. ನಮಗೆ ಮೊಮ್ಮಕ್ಕಳಿಲ್ಲ, ಇನ್ನು ಆಗುವುದೂ ಇಲ್ಲ. ನಾನೂ ನಿನ್ನ ಭಾವನೂ ಹೋದ ಮೇಲೆ ಅವನ ಹೆಸರು ಹಿಡಿದು ಕೂಗುವ ಬಾಯಿ ಯಾವುದಿದೆ ಹೇಳು? ಯಾವುದೋ ದೇಶದ ಹುಡುಗಿಯೊಬ್ಬಳು ಪರೀಕ್ಷೆಗೆ ಓದುತ್ತಾ ಅವನ ಹೆಸರನ್ನು ಬಾಯಿಪಾಠ ಮಾಡಲಿ.

ನಾನೇನು ಮಾಡಬೇಕು, ಬೇಗ ಹೇಳು. ಇನ್ನೂ ಫೋಟೋ ಬೇಕಾದರೆ ತೆಗೆಯುತ್ತೇನೆ.

ನಿನ್ನ ಅಕ್ಕ


ಏಪ್ರಿಲ್ ೨೮

ಅಕ್ಕನಿಗೆ,

ತಡವಾಯಿತು. ಬರೆದು ಹರಿದು ಹಾಕಿದ್ದೇ ಹೆಚ್ಚು.

ಫೋಟೋದಿಂದ ಹೆಸರಿಡಲು ಆಗುವುದಿಲ್ಲ. ಈ ಮೀನುಗಳಿಗೆ ಗಂಟಲೊಳಗೆ ಇನ್ನೊಂದು ಜೊತೆ ದವಡೆ ಇರುತ್ತದೆ. ಒಬ್ಬ ದಾಯಾದಿಯನ್ನು ಇನ್ನೊಬ್ಬನಿಂದ ಬೇರ್ಪಡಿಸಿ ಹೇಳುವುದು ಆ ದವಡೆಯ ಹಲ್ಲುಗಳೇ. ಬದುಕಿದ ಮೀನಿನಲ್ಲಿ ಅದು ಕಾಣುವುದಿಲ್ಲ. ಅಷ್ಟೇ ಅಲ್ಲ, ಹೊಸ ಹೆಸರಿಗೆ ಸಾಕ್ಷಿಯಾಗಿ ಆ ಮೀನೇ ನಮ್ಮ ಕಪಾಟಿನಲ್ಲಿ ಇರಬೇಕು. ಮುಂದೆ ಯಾರಾದರೂ ಅನುಮಾನಪಟ್ಟರೆ ಬಂದು ನೋಡುವುದಕ್ಕೆ. ಅಂದರೆ ಸ್ಪಿರಿಟ್ ತುಂಬಿದ ಬಾಟಲಿಯಲ್ಲಿ. ಸತ್ತು ಕೊಳೆತರೆ ಪ್ರಯೋಜನವಿಲ್ಲ, ಉಸಿರು ನಿಂತ ಕೂಡಲೇ ಹಾಕಬೇಕು.

ಮೊದಲ ದಿನವೇ ನನಗೆ ಇದು ಗೊತ್ತಿತ್ತು. ಹೆಸರಿನ ಮಾತೆತ್ತಿ ನಿನ್ನನ್ನು ಆಸೆಗೆ ಹಚ್ಚಿದ ಮೇಲೆ ಹೇಳುವ ಧೈರ್ಯ ಬರಲಿಲ್ಲ. ಮೇಡಂ ಎರಡು ಸಲ ಕೇಳಿದರು, ಮೀನು ಸಾಕಿದವರು ಕೊಡುವುದಿಲ್ಲ ಎಂದುಬಿಟ್ಟಿದ್ದೇನೆ. ನೀನು ಏನನ್ನೂ ನಿರ್ಧರಿಸಬೇಕಾಗಿಲ್ಲ. ಅದು ತಾನಾಗಿ ಹೋಗುವ ದಿನ ಬಂದಾಗ ನೋಡೋಣ. ಅಲ್ಲಿಯವರೆಗೆ ಅದು ನಿನ್ನದು.

ಉತ್ತರ ಬರೆ.

ನಿನ್ನ ತಮ್ಮ


ಜೂನ್ ೩

ಭಾವಮೈದನಿಗೆ,

ನಿನಗೆ ನಾನು ಕಾಗದ ಬರೆಯುತ್ತಿರುವುದು ಇದೇ ಮೊದಲು. ಕಂಪನಿಗೆ ರಿಪೇರಿ ವರದಿ ಬರೆದು ರೂಢಿ, ಬೇರೆ ಥರ ಬರೆಯಲು ಬರುವುದಿಲ್ಲ. ಇರುವುದನ್ನು ಹೇಳುತ್ತೇನೆ.

ನಿನ್ನ ಏಪ್ರಿಲ್ ಕಾಗದ ಬಂದ ಮೇಲೆ ನಿನ್ನ ಅಕ್ಕ ಎರಡು ದಿನ ಸ್ಟುಡಿಯೋ ತೆರೆಯಲಿಲ್ಲ. ಮೂರನೆಯ ದಿನ ಪೇಟೆಗೆ ಹೋಗಿ ಅಗಲ ಬಾಯಿಯ ಒಂದು ಜಾಡಿ ತಂದಳು, ಔಷಧಿ ಅಂಗಡಿಯಿಂದ ಸ್ಪಿರಿಟ್ ತಂದು ತುಂಬಿದಳು. ಜಾಡಿ ತೊಟ್ಟಿಯ ಪಕ್ಕದಲ್ಲೇ ಇದೆ. ಅವಳು ಮೀನನ್ನೂ ನೋಡುತ್ತಾಳೆ, ಜಾಡಿಯನ್ನೂ ನೋಡುತ್ತಾಳೆ.

ಬಾಗಿಲ ಹಿಂದಿದ್ದ ಅಂಗಿಯನ್ನು ಒಗೆಯಲು ತೆಗೆದಳು. ಅಂದಿನಿಂದ ಮೀನು ಊಟ ಬಿಟ್ಟಿತು. ಅಂಗಿಯನ್ನು ತಾನೇ ಹಾಕಿಕೊಂಡು ಹೋಗಿ ನಿಂತಳು. ಮೀನು ಓಡಿ ಬಂತು, ತಿಂದಿತು. ಈಗ ದಿನವೂ ಸಂಜೆ ಅದನ್ನು ಹಾಕಿಕೊಂಡೇ ಹುಳು ಕೊಡುತ್ತಾಳೆ. ಸ್ಟುಡಿಯೋ ಬೇಗ ಮುಚ್ಚಿ ಬರುತ್ತಾಳೆ. ನಾನು ಪೇಪರು ಕೆಳಗಿಟ್ಟು ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ. ಮೊದಲಿಂದಲೂ ನಿಲ್ಲುತ್ತೇನೆ. ಒಳಗೆ ಹೋಗಲು ನನ್ನಿಂದ ಆಗುವುದಿಲ್ಲ. ಹಿಂದಿನಿಂದ ಆ ಅಂಗಿಯಲ್ಲಿ ಅವಳನ್ನು ನೋಡಿದರೆ ದೊರೆಯೇ ಕೂತ ಹಾಗೆ ಕಾಣುತ್ತದೆ. ಅವಳು ಒಂದು ಸಲವೂ ತಿರುಗಿ ನೋಡಿಲ್ಲ. ಅವಳು ಏಳುವ ಮೊದಲೇ ಬಂದು ಕುರ್ಚಿಯಲ್ಲಿ ಕೂತುಬಿಡುತ್ತೇನೆ.

ಈಗ ಮೀನಿಗೆ ಹುಷಾರಿಲ್ಲ. ಹೊಟ್ಟೆ ಉಬ್ಬಿದೆ, ಮೈ ಕಪ್ಪಾಗಿದೆ, ಕುಂಡದ ಹಿಂದೆ ಮಲಗಿರುತ್ತದೆ. ಅದು ಹೋದರೆ ಇವಳು ಏನಾಗುತ್ತಾಳೋ ಎಂದು ನನಗೆ ಭಯ. ಉಳಿದರೂ ಭಯ. ಏನಾದರೂ ಮಾಡು.

ಇಂತಿ, ಭಾವ


ಜೂನ್ ೭

ಅಕ್ಕ,

ಹುಳು ಹಾಕುವುದನ್ನು ಇವತ್ತೇ ನಿಲ್ಲಿಸು. ಏನನ್ನೂ ಹಾಕಬೇಡ. ಕಾಲುಭಾಗ ನೀರು ದಿನವೂ ಬದಲಿಸು, ತಣ್ಣೀರನ್ನು ಒಮ್ಮೆಲೇ ಸುರಿಯಬೇಡ. ಮೇಡಂ ಏನಾದರೂ ಅನ್ನಲಿ, ಹೆಸರು ಹಾಳಾಗಿ ಹೋಗಲಿ.

ಈಗ ನಾನೂ ಒಂದು ಮಾತು ಕೇಳಿಯೇ ಬಿಡುತ್ತೇನೆ. ದೊರೆಗೆ ಮೀನಿನ ಹುಚ್ಚು ಹಿಡಿಸಿದವನು ನಾನು. ರಜೆ ಬಂತೆಂದರೆ ಅವನು ನನ್ನ ಬಾಟಲಿಗಳ ಕೋಣೆಯಲ್ಲಿ ಬಂದು ಕೂರುತ್ತಿದ್ದ, ನಿನ್ನ ಹತ್ತಿರ ಕೂರಲಿಲ್ಲ. ಅದಕ್ಕೇ ನನ್ನ ಮೇಲೆ ಸಿಟ್ಟೇ? ಇದ್ದರೆ ಬಯ್ಯಿ. ಜಗಳವಾಡು. ಚಿಕ್ಕಂದಿನಲ್ಲಿ ಕೈಗೆ ಸಿಕ್ಕಿದ್ದರಲ್ಲಿ ಬಾರಿಸುತ್ತಿದ್ದವಳು ನೀನು. ಈ ಮೌನ ನನ್ನಿಂದ ತಡೆಯಲು ಆಗುತ್ತಿಲ್ಲ. ಅವನು ನನಗೂ ಮಗನೇ ಆಗಿದ್ದ. ಅವನಿಗಾಗಿ ಅಳುವುದಕ್ಕೆ ನನಗೆ ನೀನೂ ಸಿಗಲಿಲ್ಲ.

ನಿನ್ನ ತಮ್ಮ


ಜೂನ್ ೧೨

ತಮ್ಮನಿಗೆ,

ನಿನ್ನ ಭಾವ ಬರೆದಿದ್ದಾರೆಂದು ಗೊತ್ತು. ಅಂಚೆಚೀಟಿ ಎಲ್ಲಿಟ್ಟಿದ್ದೀಯ ಎಂದು ಕೇಳಿದಾಗಲೇ ಗೊತ್ತಾಯಿತು.

ನಿನ್ನ ಮೇಲೆ ಸಿಟ್ಟಿಲ್ಲ. ಇದ್ದಿದ್ದರೆ ಎಷ್ಟೋ ಸುಲಭವಿತ್ತು, ನಾಲ್ಕು ಮಾತು ಬೈದು ಮುಗಿಸುತ್ತಿದ್ದೆ. ಆ ದಿನ ನೀನು ಬಾಗಿಲಲ್ಲಿ ನಿಂತಾಗ ಬೆಳಕು ನಿನ್ನ ಹಿಂದಿತ್ತು. ಅದೇ ಹೆಗಲು, ಅದೇ ಒಂದು ಕಡೆಗೆ ವಾಲಿದ ಕುತ್ತಿಗೆ. ಬಂದ ಎಂದು ನಾನು ಎದ್ದೇಬಿಟ್ಟಿದ್ದೆ. ಅಷ್ಟರಲ್ಲಿ ನೀನು "ಅಕ್ಕಾ" ಎಂದೆ. ಧ್ವನಿಯೂ ಅವನದೇ. ಆದರೆ ಅವನು ನನ್ನನ್ನು ಅಕ್ಕ ಅನ್ನುವವನಲ್ಲವಲ್ಲ. ಹುಟ್ಟಿದಾಗಿನಿಂದ ಎಲ್ಲರೂ ಸೋದರಮಾವನ ಪಡಿಯಚ್ಚು ಎನ್ನುತ್ತಿದ್ದರು, ನಾನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೆ. ಈಗ ಅದೇ ಮುಖ ಹೊತ್ತು ನೀನು ಬಂದು ಹೋಗಿ ಮಾಡಿದರೆ ನಾನು ಎಷ್ಟು ಸಲ ಎದ್ದು ನಿಲ್ಲಲಿ? ಅದಕ್ಕೇ ಬರಬೇಡ ಎಂದೆ, ಫೋನೂ ಬೇಡ ಎಂದೆ. ನಿನ್ನದೇನೂ ತಪ್ಪಿಲ್ಲ.

ಇನ್ನು ಹೆಸರಿನ ಮಾತು. ಅವನಿಗೆ ಜ್ವರ ಬಂದಾಗ ಯಾವ ಜ್ವರ ಎಂದು ತಿಳಿಯಲು ರಕ್ತ ತೆಗೆದರು. ಡಾಕ್ಟರು ಒಳ್ಳೆಯವರೇ, ನಿದ್ದೆಗೆಟ್ಟು ನೋಡಿಕೊಂಡರು. ಆದರೆ ಆ ರಕ್ತದಲ್ಲಿ ಏನೋ ಬೆಳೆದು ಕಾಣಿಸಿಕೊಳ್ಳಬೇಕಂತೆ, ಅದಕ್ಕೆ ಸಮಯ ಬೇಕಂತೆ. ಬೆಳೆಯಿತು. ಹೆಸರೂ ಬಂತು, ಉದ್ದನೆಯ, ನಾಲಿಗೆ ಹೊರಳದ ಹೆಸರು. ಅಷ್ಟರಲ್ಲಿ ನಾವಿಬ್ಬರು ಅವನನ್ನು ಬಿಟ್ಟು ಮನೆಗೆ ಬಂದಾಗಿತ್ತು. ಆ ಹೆಸರನ್ನಿಟ್ಟುಕೊಂಡು ಏನು ಮಾಡಬೇಕು ಎಂದು ಯಾರೂ ಹೇಳಲಿಲ್ಲ.

ನೀನು ಏಪ್ರಿಲ್‌ನಲ್ಲಿ ಬರೆದದ್ದು ಓದಿದಾಗ ಇದೂ ಅದೇ, ಸತ್ತ ಮೇಲೆ ಸಿಗುವ ಹೆಸರು ಎಂದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಆಸೆ ಕಣ್ಣು ಕಟ್ಟಿತ್ತು. ಜಾಡಿ ತಂದಿಟ್ಟೆ. ಮೊನ್ನೆ ಮೀನು ಒಂದು ಪಕ್ಕಕ್ಕೆ ವಾಲಿತು. ನೋಡಿದರೆ ನನ್ನ ಕೈ ಜಾಡಿ ಮುಚ್ಚಳದ ಮೇಲಿದೆ. ಅದರ ಕಿವಿರು ಇನ್ನೂ ಆಡುತ್ತಿತ್ತು, ನಾನು ಅದು ನಿಲ್ಲುವುದನ್ನು ಕಾಯುತ್ತಿದ್ದೆ. ತನ್ನ ಮಗನ ಮೀನಿನ ಮುಂದೆ ಹೀಗೆ ನಿಂತ ತಾಯಿ ನಾನು. ನನಗೇ ನನ್ನ ಮೇಲೆ ಹೇಸಿಗೆಯಾಯಿತು. ಜಾಡಿಯಲ್ಲಿದ್ದುದನ್ನೆಲ್ಲ ಚೆಲ್ಲಿ ಬಂದೆ.

ಕಾಯಿಲೆ ತಂದವಳೂ ನಾನೇ ಇರಬೇಕು. ನನ್ನ ಕಡೆ ತಿರುಗಲಿ ಎಂದು ಹುಳು ಹಾಕಿದೆ. ತಿರುಗಿದಾಗಲೆಲ್ಲ ಇನ್ನಷ್ಟು ಹಾಕಿದೆ. ಹೊಟ್ಟೆ ಬಿರಿಯುವಷ್ಟು ಬಡಿಸದಿದ್ದರೆ ನನಗೆ ಪ್ರೀತಿ ಮಾಡಲು ಬರುವುದಿಲ್ಲ ಎಂದು ದೊರೆಯೂ ಬೈಯುತ್ತಿದ್ದ.

ನನಗೆ ಹೆಸರು ಬೇಡ, ಅದು ಬದುಕಬೇಕು. ಹೊರಟು ಬಾ. ಔಷಧಿ ತಾ, ಬಾಟಲಿ ತರಬೇಡ. ಬರುವಾಗ ಗಡ್ಡ ಬೋಳಿಸಿಕೊಳ್ಳದೆ ಬಾ, ಅವನಿಗೆ ಗಡ್ಡವಿರಲಿಲ್ಲ. ಉಳಿದದ್ದನ್ನು ನಾನು ಹೇಗೋ ನೋಡಿಕೊಳ್ಳುತ್ತೇನೆ.

ನಿನ್ನ ಅಕ್ಕ


ಜೂನ್ ೨೯

ಅಕ್ಕನಿಗೆ,

ಕ್ಷೇಮವಾಗಿ ಬಂದು ಮುಟ್ಟಿದೆ. ಗಡ್ಡ ನೋಡಿ ನಮ್ಮ ಮೇಡಂ, "ಏನಯ್ಯಾ, ಸನ್ಯಾಸಿಯಾಗಿ ಹೋಗಿದ್ಯಾ?" ಎಂದರು. ಹಾಗೇ ಇಟ್ಟುಕೊಂಡಿದ್ದೇನೆ.

ಅಲ್ಲಿ ಹೇಳಿದ್ದನ್ನೇ ಮತ್ತೊಮ್ಮೆ ಬರೆಯುತ್ತೇನೆ, ನಿನಗೆ ಮರೆವು. ಬಾಯಿ ತೆರೆಸಿ ನೋಡಿದಾಗ ಕಂಡದ್ದು ಬ್ರಷ್ಷಿನಂಥ ಸಣ್ಣ ಹಲ್ಲುಗಳ ಸಾಲು. ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುವ ಬಾಯಿ ಅದು. ಹುಳು ಅದಕ್ಕೆ ವಿಷವಿದ್ದ ಹಾಗೆ. ಹೊಟ್ಟೆ ಪೂರ್ತಿ ಇಳಿಯುವವರೆಗೆ ಉಪವಾಸ, ಆಮೇಲೆ ಬೇಯಿಸಿದ ಸೊಪ್ಪು, ಸಿಪ್ಪೆ ತೆಗೆದ ಬಟಾಣಿ. ಅದೂ ಚಿಟಿಕೆಯಷ್ಟು. ಕುಂಡದ ಪಾಚಿಯನ್ನು ಉಜ್ಜಿ ತೊಳೆಯಬೇಡ, ಅದೇ ಅದರ ಊಟ. ಯಾರು ಎಂದು ಗೊತ್ತಾಗದಿದ್ದರೂ ಏನು ತಿನ್ನುತ್ತಾನೆ ಎಂದು ಗೊತ್ತಾಯಿತಲ್ಲ. ನನ್ನ ಇಷ್ಟು ವರ್ಷಗಳ ಕೆಲಸದಲ್ಲಿ ಒಂದು ಮೀನಿಗೆ ಪ್ರಯೋಜನವಾದದ್ದು ಇದೇ ಮೊದಲು. ಮಿಕ್ಕವರೆಲ್ಲ ನನ್ನ ಕೈಗೆ ಬರುವ ಹೊತ್ತಿಗೆ ಸತ್ತಿರುತ್ತಾರೆ.

ನಾನು ಕೋಣೆಗೆ ಕಾಲಿಟ್ಟಾಗ ಅಷ್ಟು ಹೊತ್ತು ಮಲಗಿದ್ದ ಮೀನು ಎದ್ದು ಗಾಜಿಗೆ ಮೂತಿ ತಾಗಿಸಿ ನಡುಗಿತು. ನಿನ್ನನ್ನು ನೋಡಲು ನನಗೆ ಧೈರ್ಯವಾಗಲಿಲ್ಲ. ಆಗ ನೀನು ಹಿಂದಿನಿಂದ, "ಅದಕ್ಕೂ ಹಾಗೇ ಅನ್ನಿಸ್ತು ನೋಡು," ಎಂದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅದೇ ಮಾತು ನೆನಪಾಗುತ್ತಿತ್ತು. ಮೀನಿಗೆ ನಾನು ಸುಳ್ಳು ಹೇಳಿ ಬಂದ ಹಾಗಾಯಿತು.

ಕಡತದಲ್ಲಿ "ಗುರುತಿಸಲಾಗಿಲ್ಲ" ಎಂದು ಬರೆದು ಮುಚ್ಚಿದ್ದೇನೆ.

ನಿನ್ನ ತಮ್ಮ


ಜುಲೈ ೧೯

ತಮ್ಮನಿಗೆ,

ಹೊಟ್ಟೆ ಇಳಿದಿದೆ. ಬಣ್ಣ ಮರಳಿದೆ. ಬೆಳಗಾದರೆ ಕುಂಡವನ್ನು ಕೆರೆಯುತ್ತಾ ಇರುತ್ತದೆ, ಬಟಾಣಿಯಲ್ಲಿ ಚೂರು ಸಿಪ್ಪೆ ಉಳಿದಿದ್ದರೂ ಉಗಿಯುತ್ತದೆ, ಕಾಯಿಲೆಯಿಂದ ಎದ್ದವರಿಗೆ ಇರಬೇಕಾದ ಧಿಮಾಕು ಪೂರ್ತಿ ಬಂದಿದೆ.

ಆದರೆ ನೀನು ಹೋದ ಮೇಲೆ ಅದು ಸಂಜೆ ಬಾಗಿಲನ್ನು ನೋಡುವುದು ಇನ್ನೂ ಹೆಚ್ಚಾಯಿತು. ಬಂದ ಎಂದು ನಂಬಿಸಿ ಮತ್ತೆ ಕಳಿಸಿಬಿಟ್ಟೆವಲ್ಲ ಎಂದು ನನಗೂ ಸಂಕಟವಾಗುತ್ತಿತ್ತು. ನಾನಾದರೂ ಆ ಅಂಗಿ ತೊಟ್ಟು ಮಾಡುತ್ತಿದ್ದದ್ದೇನು? ಅದನ್ನೇ ಅಲ್ಲವೇ? ಅಂಗಿಯನ್ನು ಒಗೆದು ಇಸ್ತ್ರಿ ಮಾಡಿ ಬೀರುವಿನಲ್ಲಿಟ್ಟೆ.

ನಿನ್ನೆ ಸಂಜೆ ನನ್ನ ಬಟ್ಟೆಯಲ್ಲೇ ಹೋಗಿ ತೊಟ್ಟಿಯ ಮುಂದೆ ಕೂತೆ. ಸೊಪ್ಪು ಹಾಕಿದೆ. ಅದು ಮೂಸಿಯೂ ನೋಡಲಿಲ್ಲ, ನನ್ನ ಹೆಗಲಾಚೆ ನೋಡುತ್ತಾ ನಿಂತಿತು. "ಅಲ್ಲಿ ಯಾರೂ ಇಲ್ಲ ಕಣೋ," ಎಂದೆ. "ಅವನು ಬರಲ್ಲ. ಅವನು ಸತ್ತುಹೋದ." ಗಟ್ಟಿಯಾಗಿಯೇ ಹೇಳಿದೆ. ಆ ಮಾತನ್ನು ನಾನು ಇದುವರೆಗೆ ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಆಗಸ್ಟಿನಲ್ಲಿ ಎಲ್ಲರಿಗೂ ಫೋನ್ ಮಾಡಿ ತಿಳಿಸಿದವರು ನಿನ್ನ ಭಾವ. ನಾನು ಪಕ್ಕದಲ್ಲಿ ಕೂತು ಅವರ ಕೈಯಲ್ಲಿದ್ದ ಫೋನನ್ನು ನೋಡುತ್ತಿದ್ದೆ, ಅಷ್ಟೇ. ಹೇಳಿದ ಮೇಲೆ ಅಳು ಬಂತು, ತಡೆಯಲಿಲ್ಲ.

ಅಷ್ಟಾದರೂ ಮೀನು ಕಣ್ಣು ಕದಲಿಸಲಿಲ್ಲ. ಬಾಗಿಲ ಕಡೆಗೇ ನೋಡುತ್ತಾ ಮೈ ನಡುಗಿಸುತ್ತಿತ್ತು. ಅಂಗಿ ಅಲ್ಲಿಲ್ಲ, ನೀನೂ ಇಲ್ಲ. ಮತ್ತೆ ಇದು ಯಾರನ್ನು ನೋಡುತ್ತಿದೆ? ಇಷ್ಟು ತಿಂಗಳಲ್ಲಿ ಮೊದಲ ಸಲ ನಾನೂ ತಿರುಗಿ ನೋಡಿದೆ.

ನಿನ್ನ ಭಾವ ನಿಂತಿದ್ದರು. ಹೊಸ್ತಿಲಾಚೆ, ಗೋಡೆಗೆ ಕೈ ಕೊಟ್ಟುಕೊಂಡು. ಮುಖವೆಲ್ಲ ಒದ್ದೆಯಾಗಿತ್ತು.

"ಯಾವಾಗ ಬಂದ್ರಿ?" ಎಂದು ಕೇಳಿದೆ.

"ದಿನಾ ಇಲ್ಲೇ ನಿಂತಿರ್ತೀನಲ್ಲೇ," ಎಂದರು.

ನಾನು ಪಕ್ಕಕ್ಕೆ ಸರಿದು ಅವರಿಗೆ ಜಾಗ ಮಾಡಿಕೊಟ್ಟೆ.

ನಿನ್ನ ಅಕ್ಕ